ಕಲಿಸಲು ಕಲಿಯದ ಮೇಷ್ಟ್ರುಗಳು

(ಉಪನ್ಯಾಸವೊಂದರ ಬರಹರೂಪ)

1925ರ ಜನವರಿಯಲ್ಲಿ ವೇಲ್ಸ್‌ನ ಉತ್ತರ ಕರಾವಳಿಯ ಲ್ಯಾನ್‌ಡುಲಾಸ್ ಎಂಬ ಹಳ್ಳಿಗೆ 21 ವರ್ಷದ ಯುವಕನೊಬ್ಬ ಬಂದಿಳಿದ. ಅಲ್ಲಿನ ಆರ್ನಲ್ಡ್ ಹೌಸ್ ಎಂಬ ಹುಡುಗರ ವಸತಿಶಾಲೆಯಲ್ಲಿ ಅವನಿಗೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಆಕ್ಸ್‌ಫರ್ಡಿನಲ್ಲಿ ಮೂರನೆಯ ದರ್ಜೆಯಷ್ಟೇ ಗಿಟ್ಟಿಸಿ, ಪದವಿಯನ್ನೂ ಪಡೆಯದೆ ಹೊರಬಿದ್ದವನು. ಕೊರಳ ಮಟ್ಟ ಸಾಲ. ಪಾಠ ಹೇಳಿದ ಅನುಭವ ಇರಲಿಲ್ಲ, ಹೇಳಬೇಕೆಂಬ ಆಸೆಯೂ ಇರಲಿಲ್ಲ. ಕೆಲವೇ ತಿಂಗಳಲ್ಲಿ ಆತ ಎಷ್ಟು ಬೇಸತ್ತನೆಂದರೆ, ಒಂದು ರಾತ್ರಿ ಸಮುದ್ರದಲ್ಲಿ ಮುಳುಗಿ ಸಾಯಲು ಹೊರಟು, ಅಂಬಲಿ ಮೀನು ಕುಟುಕಿದ್ದರಿಂದ ದಡಕ್ಕೆ ಮರಳಿದನಂತೆ. ಹೀಗೆಂದು ಅವನೇ 1964ರ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆತ ಕಾದಂಬರಿಕಾರ ಈವ್ಲಿನ್ ವಾ.

ಇಂಥವನ ಕೈಗೆ ಎಂಟು ಹತ್ತು ವರ್ಷದ ಮಕ್ಕಳನ್ನು ಒಪ್ಪಿಸಿದವರು ಯಾರು, ಯಾಕೆ? ಇಂಗ್ಲೆಂಡಿನ ಸಾಮಾಜಿಕ ಇತಿಹಾಸದ ಒಂದು ವಿಚಿತ್ರ ಅಧ್ಯಾಯ ಈ ಪ್ರಶ್ನೆಯಲ್ಲಿ ಅಡಗಿದೆ.

ಮೊದಲು ಶಾಲೆಯ ಮಾತು. ಇಂಗ್ಲೆಂಡಿನಲ್ಲಿ ಈಟನ್, ಹ್ಯಾರೋ ಮುಂತಾದ ಶಾಲೆಗಳನ್ನು 'ಪಬ್ಲಿಕ್ ಸ್ಕೂಲ್' ಎಂದು ಕರೆಯುತ್ತಾರೆ. ಹೆಸರು ಸಾರ್ವಜನಿಕವಾದರೂ ಅವು ಉಳ್ಳವರ ಖಾಸಗಿ ಶಾಲೆಗಳು. 13ನೆಯ ವಯಸ್ಸಿಗೆ ಅಲ್ಲಿ ಪ್ರವೇಶ. ಅದಕ್ಕೆ ಏಳೆಂಟನೆಯ ವಯಸ್ಸಿನಿಂದಲೇ ಹುಡುಗರನ್ನು ಸಿದ್ಧಪಡಿಸುವ ಶಾಲೆಯೇ 'ಪ್ರಿಪರೇಟರಿ' ಅಥವಾ ಪ್ರೆಪ್ ಶಾಲೆ. ಲ್ಯಾಟಿನ್, ಗಣಿತ, ಕ್ರಿಕೆಟ್, ತಣ್ಣೀರು ಸ್ನಾನ, ಬೆತ್ತ ಇವು ಅದರ ಪಂಚಾಂಗ. ಇಂಥ ಬಹಳಷ್ಟು ಶಾಲೆಗಳು ಹೆಡ್‌ಮಾಸ್ತರರ ಸ್ವಂತ ಆಸ್ತಿ. ಅಂಗಡಿಯನ್ನು ಮಾರುವಂತೆ ಶಾಲೆಯನ್ನು ಮಾರುತ್ತಿದ್ದರು; ಹೊಲ ಮನೆಯಂತೆ ಮಗನಿಗೋ ಅಳಿಯನಿಗೋ ಬಿಟ್ಟುಕೊಡುತ್ತಿದ್ದರು. ಈ ಹೆಡ್‌ಮಾಸ್ತರರ ಸಂಘ ಹುಟ್ಟಿದ್ದು 1892ರಲ್ಲಿ. ಅವರು ಅಂದು ಒಟ್ಟಿಗೆ ಕೂತದ್ದು ಪಾಠಕ್ರಮದ ಚರ್ಚೆಗಲ್ಲ, ಚಿಕ್ಕ ಹುಡುಗರ ಪಂದ್ಯಗಳಲ್ಲಿ ಕ್ರಿಕೆಟ್ ಚೆಂಡು ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸಲು! ಪಬ್ಲಿಕ್ ಸ್ಕೂಲುಗಳಿಗೆಲ್ಲ ಸಾಮಾನ್ಯವಾದ ಪ್ರವೇಶ ಪರೀಕ್ಷೆ ಬಂದದ್ದು 1904ರಲ್ಲಿ.

ಈ ಶಾಲೆಗಳಿಗೆ ಮೇಷ್ಟ್ರುಗಳನ್ನು ಒದಗಿಸಲು ಲಂಡನ್ನಿನಲ್ಲಿ ಮಧ್ಯವರ್ತಿ ಸಂಸ್ಥೆಗಳೇ ಇದ್ದವು. ಅವುಗಳಲ್ಲಿ ಹೆಸರಾದದ್ದು 1873ರಲ್ಲಿ ಶುರುವಾದ ಗ್ಯಾಬಿಟಾಸ್ ಮತ್ತು ಥ್ರಿಂಗ್. ಅಭ್ಯರ್ಥಿ ಯಾವ ಶಾಲೆಯಲ್ಲಿ ಓದಿದವನು, ಆಕ್ಸ್‌ಫರ್ಡೋ ಕೇಂಬ್ರಿಜ್ಜೋ, ಯಾವ ಆಟ ಆಡುತ್ತಾನೆ, ಮಾತಿನ ಧಾಟಿ ಎಂಥದು ಎಂಬುದೇ ಮುಖ್ಯವಾಗಿತ್ತು. ಪಾಠ ಹೇಳಲು ಬರುತ್ತದೆಯೇ ಎಂಬುದು ಕೊನೆಯ ಪ್ರಶ್ನೆ. ಹೀಗಾಗಿ ಅಲ್ಲಿ ಸೇರಿದವರ ಹಿನ್ನೆಲೆ ಬಗೆಬಗೆಯದು: ಕಡಿಮೆ ದರ್ಜೆಯಲ್ಲಿ ತೇರ್ಗಡೆಯಾದ ಪದವೀಧರರು, ಸೇನೆಯಿಂದ ನಿವೃತ್ತರಾದ ಅಧಿಕಾರಿಗಳು, ಪಾದ್ರಿಗಳು, ಆಟಗಾರರು, ಬೇರೆ ಕೆಲಸ ಸಿಗುವ ತನಕ ದಿನ ದೂಡುವವರು. ಜಾನ್ ಬೆಟ್ಜೆಮನ್ ಎಂಬ ಕವಿಯನ್ನು ಆಕ್ಸ್‌ಫರ್ಡ್ ಪದವಿ ಕೊಡದೆ ಹೊರಕ್ಕೆ ಕಳಿಸಿತ್ತು. 1929ರಲ್ಲಿ ಹೆಡನ್ ಕೋರ್ಟ್ ಎಂಬ ಶಾಲೆ ಸೇರಿದ ಈತ, ಕ್ರಿಕೆಟ್ಟಿನ ಗಂಧವಿಲ್ಲದೆಯೂ ಕ್ರಿಕೆಟ್ ಮೇಷ್ಟ್ರಾದ ಪ್ರಸಂಗವನ್ನು ಮುಂದೆ ತಮಾಷೆಯ ಪದ್ಯವನ್ನಾಗಿಸಿದ.

ಇನ್ನೊಂದು ಚಿತ್ರವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಅದೇ ದೇಶದಲ್ಲಿ ಬಡವರ ಮಕ್ಕಳಿಗೆ ಪ್ರಾಥಮಿಕ ಶಾಲೆಗಳಿದ್ದವು. ಅಲ್ಲಿನ ಶಿಕ್ಷಕರನ್ನು ತಯಾರು ಮಾಡಲು 1846ರಿಂದಲೇ ಒಂದು ಏರ್ಪಾಡಿತ್ತು. ಜಾಣ ಹುಡುಗ ಹುಡುಗಿಯರು 13ನೆಯ ವಯಸ್ಸಿಗೇ ಶಾಲೆಯಲ್ಲಿ ಐದು ವರ್ಷ ಕಲಿಯುತ್ತ ಕಲಿಸುತ್ತ ಅಭ್ಯಾಸ ಮಾಡಬೇಕು. ಅವರಲ್ಲಿ ಮೇಲುಗೈಯಾದವರು ತರಬೇತಿ ಕಾಲೇಜಿಗೆ ಹೋಗಬಹುದು. ಗಣಿ ಕಾರ್ಮಿಕನ ಮಗ ಡಿ. ಎಚ್. ಲಾರೆನ್ಸ್ ಈ ದಾರಿಯಲ್ಲೇ ಬಂದವನು. 1902ರಲ್ಲಿ ಊರ ಶಾಲೆಯಲ್ಲಿ ಕಲಿಕೆಯ ಶಿಕ್ಷಕನಾಗಿ ಸೇರಿ, ನಾಟಿಂಗ್‌ಹ್ಯಾಮಿನಲ್ಲಿ ಎರಡು ವರ್ಷ ಓದಿ, 1908ರಲ್ಲಿ ಅರ್ಹತಾಪತ್ರ ಪಡೆದ. ಆಮೇಲೆ ಕ್ರಾಯ್ಡನ್ನಿನ ಶಾಲೆಯಲ್ಲಿ 1911ರವರೆಗೆ ಪಾಠ ಹೇಳಿದ.

ಅಂದರೆ, ಕೂಲಿಯವನ ಮಗನಿಗೆ ತರಬೇತಾದ ಗುರು. ಕುಲೀನನ ಮಗನಿಗೆ ತರಬೇತಿಯ ಗಾಳಿಯೂ ಸೋಕದ ಗುರು. ಹಣ ಕೊಟ್ಟವರು ಕೊಂಡದ್ದು ವಿದ್ಯೆಯನ್ನಲ್ಲ, ಸಹವಾಸವನ್ನು. ಮೇಷ್ಟ್ರು 'ನಮ್ಮವನು' ಆಗಿದ್ದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ ಎಂಬ ನಂಬಿಕೆ ಅದು. ನಮ್ಮ ಕೂಲಿಮಠಗಳ ಐಗಳಿಗೂ ತರಬೇತಿ ಇರಲಿಲ್ಲ, ನಿಜ. ಆದರೆ ಐಗಳು ಕಲಿಸುತ್ತಿದ್ದುದು ಊರ ನಡುವೆ, ಜನರ ಕಣ್ಣೆದುರಿಗೆ. ಸಂಜೆಗೆ ಮಗು ಮನೆಗೆ ಬರುತ್ತಿತ್ತು. ಪ್ರೆಪ್ ಶಾಲೆಯ ಮಗು ಮನೆ ಕಾಣುತ್ತಿದ್ದುದು ರಜೆಗೆ ಮಾತ್ರ.

ಇಂಥ ವ್ಯವಸ್ಥೆಯಿಂದ ಒಳ್ಳೆಯದೇನೂ ಆಗಲಿಲ್ಲವೇ? ಆಯಿತು. 1916ರಲ್ಲಿ ಲಂಡನ್ನಿನ ಹೈಗೇಟ್ ಕಿರಿಯರ ಶಾಲೆಗೆ ಅಮೆರಿಕದ ಒಬ್ಬ ತರುಣ ಮೇಷ್ಟ್ರಾಗಿ ಬಂದ. ಹಾರ್ವರ್ಡಿನಲ್ಲಿ ತತ್ವಶಾಸ್ತ್ರ ಓದಿದವನು. ಸಂಬಳ ವರ್ಷಕ್ಕೆ 160 ಪೌಂಡು, ಜೊತೆಗೆ ಊಟ ಮತ್ತು ಚಹಾ. ಆತ ಟಿ. ಎಸ್. ಎಲಿಯಟ್. ಅವನ ಕೈಗೆ ತನ್ನ ಪದ್ಯಗಳ ಕಟ್ಟನ್ನಿತ್ತ ಪುಟ್ಟ ವಿದ್ಯಾರ್ಥಿ ಬೇರೆ ಯಾರೂ ಅಲ್ಲ, ಆಗಲೇ ಹೇಳಿದ ಬೆಟ್ಜೆಮನ್! ಡಬ್ಲ್ಯು. ಎಚ್. ಆಡೆನ್ ಕೂಡ ಮೂರನೆಯ ದರ್ಜೆಯವನೇ. 1930ರಲ್ಲಿ ಸ್ಕಾಟ್ಲೆಂಡಿನ ಲಾರ್ಚ್‌ಫೀಲ್ಡ್ ಶಾಲೆಯಲ್ಲಿ, ಗೆಳೆಯ ಸೆಸಿಲ್ ಡೇ ಲೂಯಿಸ್ ಬಿಟ್ಟುಹೋದ ಜಾಗಕ್ಕೆ ಬಂದ. 1932ರಿಂದ 1935ರವರೆಗೆ ಕೋಲ್ವಾಲ್‌ನ ಡೌನ್ಸ್ ಶಾಲೆಯಲ್ಲಿ ಕಲಿಸಿದ. ಅಲ್ಲಿನ ಹುಡುಗರಿಗೆ ಆತ 'ಅಂಕಲ್ ವಿಜ್'. ಮಕ್ಕಳೇ ಬರೆಯುವ ಪತ್ರಿಕೆಗೆ, ಮಕ್ಕಳೇ ಆಡುವ ನಾಟಕಕ್ಕೆ ಆತ ಬೆನ್ನೆಲುಬಾಗಿ ನಿಂತ. ಅದೇ ಶಾಲೆಯ ಚಿತ್ರಕಲಾ ಮೇಷ್ಟ್ರು ಮಾರಿಸ್ ಫೀಲ್ಡ್ ಬಳಿ ಕಲಿತ ಲಾರೆನ್ಸ್ ಗೋವಿಂಗ್ ಮುಂದೆ ಹೆಸರಾಂತ ಚಿತ್ರಕಾರನಾದ.

ಆದರೆ ಇದು ಅದೃಷ್ಟದ ಮಾತು. ಅದೃಷ್ಟ ತಪ್ಪಿದ ಕಡೆ ಏನಾಗುತ್ತಿತ್ತು ಎಂಬುದಕ್ಕೆ ಜಾರ್ಜ್ ಆರ್ವೆಲ್ ಸಾಕ್ಷಿ. ಅವನ ತಂದೆ ಭಾರತದ ಅಫೀಮು ಇಲಾಖೆಯ ಅಧಿಕಾರಿ. ಆರ್ವೆಲ್ ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ಭಾರತದಲ್ಲಿ ದುಡಿಯುತ್ತಿದ್ದ ಇಂಗ್ಲಿಷರ ಎಷ್ಟೋ ಗಂಡುಮಕ್ಕಳು ಬೆಳೆದದ್ದು ಇಂಥ ಶಾಲೆಗಳಲ್ಲೇ. 1911ರಿಂದ 1916ರವರೆಗೆ ಆರ್ವೆಲ್ ಈಸ್ಟ್‌ಬೋರ್ನ್‌ನ ಸೇಂಟ್ ಸಿಪ್ರಿಯನ್ಸ್ ಶಾಲೆಯಲ್ಲಿದ್ದ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಬಿದ್ದ ಏಟು, ಕಡಿಮೆ ಶುಲ್ಕದ ಹುಡುಗನೆಂಬ ಹಂಗಿನ ಮಾತು, ಇವನ್ನೆಲ್ಲ ಆತ ಒಂದು ದೀರ್ಘ ಪ್ರಬಂಧದಲ್ಲಿ ಬರೆದ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1952ರಲ್ಲಿ, ಅಮೆರಿಕದಲ್ಲಿ. ಮಾನನಷ್ಟದ ಭಯದಿಂದ ಬ್ರಿಟನ್ನಿನಲ್ಲಿ 1968ರವರೆಗೆ ಹೊರಬರಲಿಲ್ಲ. ಅದೇ ಶಾಲೆಯನ್ನು ಪ್ರೀತಿಯಿಂದ ನೆನೆದ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಹುಡುಗರನ್ನು ಚಿಟ್ಟೆ ಹಿಡಿಯಲು ಗುಡ್ಡಕ್ಕೆ ಕರೆದೊಯ್ಯುತ್ತಿದ್ದ ಒಬ್ಬ ಸಹಾಯಕ ಮೇಷ್ಟ್ರನ್ನು ಆರ್ವೆಲ್ ಕೂಡ ಸಂತೋಷದಿಂದಲೇ ನೆನೆಯುತ್ತಾನೆ. ಒಂದೇ ಸೂರಿನಡಿ ನರಕ, ಸ್ವರ್ಗ ಎರಡೂ ಇದ್ದವು. ಯಾವ ಬಾಗಿಲು ತೆರೆಯುತ್ತದೆ ಎಂಬುದು ಮೇಷ್ಟ್ರ ಮನಸ್ಸಿಗೆ ಬಿಟ್ಟದ್ದು.

ಇನ್ನೂ ಕತ್ತಲೆಯ ಮೂಲೆಯೊಂದಿದೆ. ವಾ 1928ರಲ್ಲಿ ಬರೆದ 'ಡಿಕ್ಲೈನ್ ಅಂಡ್ ಫಾಲ್' ಕಾದಂಬರಿಯಲ್ಲಿ ಕ್ಯಾಪ್ಟನ್ ಗ್ರೈಮ್ಸ್ ಎಂಬ ಮೇಷ್ಟ್ರು ಬರುತ್ತಾನೆ. ಪ್ರತಿ ಸಲವೂ ಹಗರಣ ಮಾಡಿಕೊಳ್ಳುತ್ತಾನೆ. ಪಬ್ಲಿಕ್ ಸ್ಕೂಲಿನವನೆಂಬ ಒಂದೇ ಕಾರಣಕ್ಕೆ ಪ್ರತಿ ಸಲವೂ ಪಾರಾಗುತ್ತಾನೆ. ಓದುಗರು ನಕ್ಕರು. ನಗುವಿನ ಹಿಂದಿದ್ದ ಮಕ್ಕಳ ಸಂಕಟ ಬಹುಕಾಲ ಯಾರ ಕಿವಿಗೂ ಬೀಳಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಕುರಿತು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದ ಸ್ವತಂತ್ರ ವಿಚಾರಣೆ 2022ರ ಮಾರ್ಚಿಯಲ್ಲಿ ವಸತಿಶಾಲೆಗಳ ಬಗ್ಗೆ ವರದಿ ಕೊಟ್ಟಿತು. ಮಕ್ಕಳ ರಕ್ಷಣೆಗಿಂತ ಶಾಲೆಯ ಹೆಸರನ್ನೇ ದೊಡ್ಡದೆಂದು ಬಗೆದ ಪ್ರಕರಣಗಳನ್ನು ಅದು ಎತ್ತಿ ತೋರಿಸಿತು.

ಕಾನೂನು ನಿಧಾನವಾಗಿ ಬಂತು. ಖಾಸಗಿ ಶಾಲೆಗಳ ನೋಂದಣಿಗೆ 1944ರ ಶಿಕ್ಷಣ ಕಾಯಿದೆಯಲ್ಲೇ ಅವಕಾಶವಿದ್ದರೂ ಆ ಭಾಗ ಜಾರಿಗೆ ಬಂದದ್ದು 1957ರಲ್ಲಿ. ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಂತದ್ದು 1987ರಲ್ಲಿ. ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ 1999ರಲ್ಲಿ. ಈಗ ಶಿಕ್ಷಕರ ಪೂರ್ವಾಪರಗಳ ತಪಾಸಣೆ ಕಡ್ಡಾಯ. ಆದರೆ ಖಾಸಗಿ ಶಾಲೆಯಲ್ಲಿ ಪಾಠ ಹೇಳುವವರಿಗೆ ಶಿಕ್ಷಕ ತರಬೇತಿಯ ಅರ್ಹತೆ ಕಾನೂನಿನ ಮಟ್ಟಿಗೆ ಇಂದಿಗೂ ಕಡ್ಡಾಯವಲ್ಲ.

ಎಲಿಯಟ್, ಆಡೆನ್, ಆರ್ವೆಲ್ ಕನ್ನಡದ ಓದುಗರಿಗೆ ಹೊಸಬರಲ್ಲ. ನಮ್ಮ ನವ್ಯರು ಅವರನ್ನು ಮನಸಾರೆ ಓದಿದರು. ಯು. ಆರ್. ಅನಂತಮೂರ್ತಿಯವರು 1966ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರೇಟ್ ಪಡೆದದ್ದು 1930ರ ದಶಕದ ರಾಜಕೀಯ ಮತ್ತು ಕಾದಂಬರಿಯನ್ನು ಕುರಿತೇ. ಆ ಲೇಖಕರನ್ನು ಪುಸ್ತಕದ ಮೇಲಿನ ಹೆಸರಾಗಿ ಬಲ್ಲ ನಮಗೆ, ಸೀಮೆಸುಣ್ಣ ಹಿಡಿದು ನಿಂತ ಅವರ ಚಿತ್ರ ಇನ್ನೊಂದು ಪಾಠ ಹೇಳುತ್ತದೆ. ಪ್ರತಿಭಾವಂತ ಮೇಷ್ಟ್ರು ಸಿಕ್ಕುವುದು ಮಗುವಿನ ಭಾಗ್ಯ. ಆದರೆ ಮಗುವಿನ ಬಾಳನ್ನು ಭಾಗ್ಯಕ್ಕೆ ಬಿಡಲಾಗದು. ಮೇಷ್ಟ್ರು ಯಾರ ಮಗ, ಎಲ್ಲಿ ಓದಿದ, ಇಂಗ್ಲಿಷ್ ಹೇಗೆ ಮಾತಾಡುತ್ತಾನೆ ಎಂದು ಕೇಳುವ ತಂದೆತಾಯಿಗಳು ಇಂದು ನಮ್ಮಲ್ಲೂ ಕಡಿಮೆಯಿಲ್ಲ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡೇ: ಈತ ಕಲಿಸಲು ಕಲಿತಿದ್ದಾನೆಯೇ? ಶಾಲೆಯ ಬಾಗಿಲು ಮುಚ್ಚಿದ ಮೇಲೆ ಒಳಗಿನ ಮಗುವಿನ ದನಿ ಹೊರಗೆ ಕೇಳುತ್ತದೆಯೇ?