ಕಾಣದ ರೋಗಿಗೂ ಶುಶ್ರೂಷೆ



ಲಕ್ವ ಹೊಡೆದವರನ್ನು, ಸೊಂಟದ ಮೂಳೆ ಮುರಿದು ಮಲಗಿದವರನ್ನು ಆಸ್ಪತ್ರೆಯವರು ಒಂದು ದಿನ ಮನೆಗೆ ಕಳಿಸುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ. ಮಲಗಿದ ಜೀವವನ್ನು ಹೇಗೆ ಹೊರಳಿಸಬೇಕು, ಚರ್ಮವನ್ನು ಎಲ್ಲೆಲ್ಲಿ ನೋಡಬೇಕು ಎಂಬುದನ್ನು ಬಾಯಿಮಾತಿನಲ್ಲಿ ಅವಸರದಿಂದ ಹೇಳಿರುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ಮನೆಯಲ್ಲಿ ನೋಡಿಕೊಳ್ಳುವವರು ಹೆಂಡತಿ, ಮಗಳು, ಸೊಸೆ. ಸ್ವಲ್ಪ ದಿನ ಕಳೆದು ಸೊಂಟದ ಕೆಳಗೆ ಚರ್ಮ ಕಂದಿದ್ದು ಕಂಡಾಗ ಅವರು ಯಾರನ್ನು ಕೇಳಬೇಕು? ಡಾಕ್ಟರು ದೂರ. ಮೊಬೈಲು ಕೈಯಲ್ಲೇ ಇದೆ. ಎಲ್ಲರೂ ಮಲಗಿದ ಮೇಲೆ ‘ಬೆಡ್‌ಸೋರ್’ ಎಂದು ಹುಡುಕುತ್ತಾರೆ. ಆಗ ತೆರೆದುಕೊಳ್ಳುವ ಪುಟಗಳಲ್ಲಿ ವಿಕಿಪೀಡಿಯ ಎಂಬ ಅಂತರಜಾಲ ವಿಶ್ವಕೋಶದ್ದೂ ಒಂದಿರುತ್ತದೆ.

ಆ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. 2001ರಲ್ಲಿ ಇಂಗ್ಲಿಷಿನಲ್ಲಿ, 2003ರಲ್ಲಿ ಕನ್ನಡದಲ್ಲಿ ಆರಂಭವಾದ ಈ ವಿಶ್ವಕೋಶ ನಿಂತಿರುವುದೇ ಆ ನಂಬಿಕೆಯ ಮೇಲೆ. ಯಾರು ಬೇಕಾದರೂ ಬರೆಯಬಹುದಾದಲ್ಲಿ ಆರೋಗ್ಯದ ಮಾತನ್ನು ನಂಬುವುದು ಹೇಗೆ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನರ್ಸಿಂಗ್ ಪಾಠ ಹೇಳುವ ನನಗೆ ಇದಕ್ಕೆ ಒಂದಿಷ್ಟು ಉತ್ತರ ಸಿಕ್ಕಿದ್ದು ನನ್ನ ವಿದ್ಯಾರ್ಥಿನಿಯೊಬ್ಬಳಿಂದ.

ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದ ಹುಡುಗಿ. ವಾರ್ಡಿನಲ್ಲಿ ಬೆಡ್‌ಸೋರ್ ಆದವರ ಡ್ರೆಸ್ಸಿಂಗ್ ಮಾಡುತ್ತಿದ್ದಳು. ಆ ಗಾಯದ ಆಳ, ವಾಸನೆ, ಡ್ರೆಸ್ಸಿಂಗಿನ ಹೊತ್ತಿಗೆ ರೋಗಿ ಹಲ್ಲು ಕಚ್ಚಿ ಮುಖ ಆಚೆ ತಿರುಗಿಸುವುದು, ಇವನ್ನೆಲ್ಲ ಹತ್ತಿರದಿಂದ ನೋಡಿದವಳು. ಇದನ್ನು ಬಹುಮಟ್ಟಿಗೆ ತಡೆಯಬಹುದಿತ್ತು ಎಂಬ ಸಂಕಟ ಅವಳನ್ನು ಬರೆಯಲು ಕೂರಿಸಿತು. ವಿಶ್ವಕೋಶದಲ್ಲಿ ಹಾಸಿಗೆ ಹುಣ್ಣಿನ ಲೇಖನ ತೆರೆದು, ಆರೈಕೆಯ ಭಾಗಕ್ಕೆ ತನಗೆ ತಿಳಿದದ್ದನ್ನು ಸೇರಿಸಿದಳು. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮದಲ್ಲಿ ಸಣ್ಣ ರಕ್ತನಾಳಗಳು ಅಮುಕಿಹೋಗಿ ರಕ್ತ ಹರಿಯುವುದಿಲ್ಲ, ಹಾಗಾಗಿ ಮಗ್ಗುಲು ಬದಲಿಸುತ್ತಿರಬೇಕು ಎಂದು ಬರೆದಳು. ರೋಗಿಯನ್ನು ಎಳೆದರೆ ಚರ್ಮ ಉಜ್ಜಿಹೋಗುತ್ತದೆ, ಕೆಳಗೆ ಹಾಸಿದ ಬಟ್ಟೆಯ ಸಮೇತ ಎತ್ತಿ ಸರಿಸಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು ಎಂದೂ ಸೇರಿಸಿದಳು.

ಮಾರನೆಯ ದಿನ ನೋಡಿದರೆ ಅವಳು ಬರೆದದ್ದರಲ್ಲಿ ಅರ್ಧ ಇರಲಿಲ್ಲ. ಲೇಖನದ ಚರ್ಚೆಪುಟದಲ್ಲಿ ಅಪರಿಚಿತ ಸಂಪಾದಕರೊಬ್ಬರು ವಿನಯದಿಂದಲೇ ಕೇಳಿದ್ದರು, ಇದಕ್ಕೆ ಆಧಾರವೇನು ಎಂದು. ಹುಡುಗಿಗೆ ಬೇಸರವಾಯಿತು. “ಮೇಡಂ, ನಾನು ದಿನಾ ವಾರ್ಡಲ್ಲಿ ಕಣ್ಣಾರೆ ನೋಡ್ತೀನಿ. ಅದಕ್ಕೂ ಪುರಾವೆ ಬೇಕಾ?” ಎಂದಳು.

ಬೇಕು. ಏಕೆಂದರೆ ಪಕ್ಕದ ಮನೆಯವರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿ, ನಮ್ಮತ್ತೆಗೆ ಹಾಗೆ ಮಾಡಿಯೇ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಸ್ಪಿರಿಟ್ ಹಚ್ಚಿ, ಬೆನ್ನು ತಿಕ್ಕಿ, ಪೌಡರ್ ಹಾಕುವುದನ್ನು ಹಿರಿಯ ಸಿಸ್ಟರುಗಳೂ ಪ್ರೀತಿಯಿಂದಲೇ ಕಲಿಸಿಕೊಟ್ಟಿದ್ದರು. ಆದರೆ ಕೆಂಪಾದ ಜಾಗದ ಒಳಗೆ ಆಗಲೇ ಪೆಟ್ಟು ಬಿದ್ದಿರುತ್ತದೆ. ತಿಕ್ಕಿದರೆ ಅದು ಹೆಚ್ಚಬಹುದು. ತಿಕ್ಕಿ ಎನ್ನುವವರೂ ತಿಕ್ಕಬೇಡಿ ಎನ್ನುವವರೂ ಕಣ್ಣಾರೆ ಕಂಡವರೇ, ಇಬ್ಬರ ಮಾತೂ ಬೇರೆ ಬೇರೆ. ಯಾರ ಮಾತನ್ನು ಹಿಡಿಯಬೇಕೆಂದು ಓದುವವರಿಗೆ ತಿಳಿಯುವುದು ಹೇಗೆ? ಅದಕ್ಕಾಗಿಯೇ ಆ ವಿಶ್ವಕೋಶ ಆರೋಗ್ಯದ ಲೇಖನಗಳಿಗೆ ಕಟ್ಟುನಿಟ್ಟಾದ ನಿಯಮ ಇಟ್ಟುಕೊಂಡಿದೆ. ಬರೆಯುವವರ ಸ್ವಂತ ಅನುಭವ ಅಲ್ಲಿ ಆಧಾರವಲ್ಲ. ಯಾವುದೋ ಒಂದು ಪ್ರಯೋಗದ ಬಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿಯೂ ಸಾಲದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ ವಿಮರ್ಶೆಗಳು, ತಜ್ಞ ಸಂಸ್ಥೆಗಳ ಮಾರ್ಗಸೂಚಿಗಳು, ಒಳ್ಳೆಯ ಪಠ್ಯಪುಸ್ತಕಗಳು ಬೇಕು. ಅವೂ ಸಾಧ್ಯವಾದಷ್ಟು ಈಚಿನ ವರ್ಷಗಳವಾಗಿರಬೇಕು.

ಹುಡುಗಿ ಲೈಬ್ರರಿಯಲ್ಲಿ ಕೂತಳು. ತನ್ನ ವೃತ್ತಿಯ ಪೂರ್ವಿಕರನ್ನು ಅವಳು ನಿಜವಾಗಿ ಭೇಟಿಯಾದದ್ದು ಆಗ. ರೋಗಿಗೆ ಬೆಡ್‌ಸೋರ್ ಆದರೆ ಸಾಮಾನ್ಯವಾಗಿ ಅದು ಕಾಯಿಲೆಯ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬ ಅರ್ಥದ ಮಾತನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ 1962ರಲ್ಲಿ, ಯಾವ ರೋಗಿಗೆ ಈ ಹುಣ್ಣಿನ ಅಪಾಯ ಹೆಚ್ಚು ಎಂದು ಮೊದಲೇ ಅಳೆಯುವ ಕ್ರಮವೊಂದನ್ನು ಕೊಟ್ಟರು. ದೇಹಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಮೈ ಅಲ್ಲಾಡಿಸುವ ಶಕ್ತಿ, ಮಲಮೂತ್ರದ ಹಿಡಿತ, ಈ ಐದನ್ನು ನೋಡಿ ಅಂಕ ಹಾಕುವ ಕ್ರಮ ಅದು. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1980ರ ದಶಕದಲ್ಲಿ ರೂಪಿಸಿದ ಅಳತೆಗೋಲನ್ನು ಇಂದು ನಮ್ಮ ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ಇವರೆಲ್ಲ ನರ್ಸುಗಳು. ರೋಗಿಯ ಮಗ್ಗುಲಲ್ಲಿ ನಿಂತು ಕಂಡದ್ದನ್ನು ಅಳೆದರು, ಬರೆದಿಟ್ಟರು, ಬೇರೆಯವರು ಪರೀಕ್ಷಿಸಲಿ ಎಂದು ಮುಂದಿಟ್ಟರು.

ಓದುತ್ತಾ ಹೋದಂತೆ ಅವಳದೇ ಒಂದು ವಾಕ್ಯ ಅಲುಗಾಡಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು ಎಂದು ಬರೆದಿದ್ದಳು. ನಾವೆಲ್ಲ ಕಲಿತದ್ದೂ, ಕಲಿಸಿದ್ದೂ ಅದನ್ನೇ. ಈಗಿನ ಮಾರ್ಗಸೂಚಿಗಳು ಎಲ್ಲರಿಗೂ ಒಂದೇ ಗಡಿಯಾರ ಹಿಡಿಯುವುದಿಲ್ಲ. ರೋಗಿಯ ಚರ್ಮ, ಶಕ್ತಿ, ಹಾಸಿಗೆಯ ಗುಣ ನೋಡಿ ಸಮಯ ಗೊತ್ತುಮಾಡಿ ಎನ್ನುತ್ತವೆ. ಅಮೆರಿಕ ಮತ್ತು ಕೆನಡಾದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳ್ಳೆಯ ದಟ್ಟ ಫೋಮ್ ಹಾಸಿಗೆಯ ಮೇಲೆ ಮಲಗಿದವರನ್ನು ಎರಡು, ಮೂರು ಅಥವಾ ನಾಲ್ಕು ಗಂಟೆಗೊಮ್ಮೆ ಹೊರಳಿಸಿದಾಗ ಹುಣ್ಣಾಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮನೆಗಳ ಹತ್ತಿಯ ಹಾಸಿಗೆಗೆ ಈ ಮಾತನ್ನು ಹಾಗೆಯೇ ಅನ್ವಯಿಸುವಂತಿಲ್ಲ, ಅಲ್ಲಿ ಎರಡು ಗಂಟೆಯ ಎಚ್ಚರವೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯವನ್ನು ಆಕೆ ಲೇಖನಕ್ಕೆ ಸೇರಿಸಲಿಲ್ಲ, ಸೇರಿಸಲೂಬಾರದು. ಆಧಾರ ಎಷ್ಟು ಹೇಳುತ್ತದೋ ಅಷ್ಟನ್ನೇ ಬರೆದಳು. ತನ್ನ ಗುರುವಿನ ಮಾತನ್ನೂ ಆಧಾರದ ಮುಂದೆ ನಿಲ್ಲಿಸಿ ನೋಡುವ ಧೈರ್ಯ ಅವಳಿಗೆ ಬಂದದ್ದು ನನಗೆ ಹೆಮ್ಮೆ ತಂದಿತು.

ಅವಳು ಸೇರಿಸಿದ ಇನ್ನೊಂದು ಸಂಗತಿ ನಮ್ಮವರಿಗೆ ಬಹಳ ಮುಖ್ಯ. ಹುಣ್ಣಿನ ಮೊದಲ ಗುರುತು ಚರ್ಮ ಕೆಂಪಾಗುವುದು, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದಿರುವುದು ಎಂದು ಪುಸ್ತಕಗಳು ಹೇಳುತ್ತವೆ. ಬಿಳಿಯ ಮೈಬಣ್ಣದವರನ್ನು ನೋಡಿ ಬರೆದ ಮಾತು ಅದು. ಕಪ್ಪು, ಎಣ್ಣೆಗೆಂಪು ಮೈಯಲ್ಲಿ ಆ ಕೆಂಪು ಕಾಣದೆ ಹೋಗಬಹುದು. ಕಣ್ಣಿಗೆ ಕಾಣುವ ಹೊತ್ತಿಗೆ ಗಾಯ ಮುಂದೆ ಹೋಗಿರುತ್ತದೆ. ಅಂಥವರಲ್ಲಿ ಕೈಯಿಂದ ಮುಟ್ಟಿ ನೋಡಬೇಕು. ಅಕ್ಕಪಕ್ಕದ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ ಎಂದು ಗಮನಿಸಬೇಕು, ಮುಟ್ಟಿದರೆ ನೋಯುತ್ತದೆಯೇ ಎಂದು ಕೇಳಬೇಕು. ಇದಕ್ಕೆ ಮಾರ್ಗಸೂಚಿಯ ಆಧಾರ ಕೊಟ್ಟು ಬರೆದಳು. ಆ ಸಾಲುಗಳು ಉಳಿದವು. ಪ್ರಶ್ನೆ ಕೇಳಿದ್ದ ಅದೇ ಸಂಪಾದಕರು ಧನ್ಯವಾದ ಹೇಳಿದರು.

ಇದೇ ವಿಶ್ವಕೋಶದ ಡೆಂಗಿ ಜ್ವರದ ಇಂಗ್ಲಿಷ್ ಲೇಖನವನ್ನು 2014ರಲ್ಲಿ ತಜ್ಞರ ಪರಿಶೀಲನೆಗೆ ಒಡ್ಡಿ ಕೆನಡಾದ ವೈದ್ಯಕೀಯ ಪತ್ರಿಕೆಯೊಂದರಲ್ಲೂ ಪ್ರಕಟಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2013ರಲ್ಲೇ ವೈದ್ಯ ವಿದ್ಯಾರ್ಥಿಗಳಿಗೆ ಇಂಥ ಲೇಖನ ತಿದ್ದುವುದನ್ನು ಪಾಠದ ಭಾಗವಾಗಿಸಿತು. ನಮ್ಮ ನರ್ಸಿಂಗ್ ಕಾಲೇಜುಗಳಿಗೂ ಇದು ಅಸಾಧ್ಯವೇನಲ್ಲ. ರೆಕಾರ್ಡ್ ಪುಸ್ತಕದಲ್ಲಿ ಅಂಕಕ್ಕಾಗಿ ಬರೆದದ್ದನ್ನು ಪರೀಕ್ಷೆ ಮುಗಿದ ಮೇಲೆ ಯಾರೂ ತೆರೆಯುವುದಿಲ್ಲ. ಅದೇ ಶ್ರಮದಲ್ಲಿ ಕನ್ನಡದ ಒಂದು ಆರೋಗ್ಯ ಲೇಖನ ನೇರ್ಪಟ್ಟರೆ ಎಷ್ಟು ಮನೆಗಳಿಗೆ ಆಸರೆ!

ನೈಟ್ ಡ್ಯೂಟಿಯಲ್ಲಿ ಮೈಮರೆತು ಮಲಗಿದ ರೋಗಿಯ ಮಗ್ಗುಲು ಬದಲಿಸಿದ್ದನ್ನು ಯಾರೂ ನೋಡಿರುವುದಿಲ್ಲ, ರೋಗಿಗೂ ಗೊತ್ತಾಗುವುದಿಲ್ಲ. ಹಾಸಿಗೆ ಹುಣ್ಣಿನ ಆ ಲೇಖನದ ಮೇಲೂ ಹುಡುಗಿಯ ಹೆಸರಿಲ್ಲ. ಓದಿದವರು ಅವಳಿಗೆ ಕೈ ಮುಗಿಯುವುದಿಲ್ಲ. ತಪ್ಪು ಬರೆದಿದ್ದರೆ ಅವಳನ್ನು ಹುಡುಕಿ ಬಂದು ಕೇಳುವವರೂ ಇರಲಿಲ್ಲ. ಆದರೂ ಪ್ರತಿ ಸಾಲಿಗೂ ಉತ್ತರ ಕೊಡಬೇಕಾದವಳು ತಾನು ಎಂದುಕೊಂಡು ಬರೆದಳು. ವಾಟ್ಸಾಪಿನಲ್ಲಿ ಬಂದ ಮನೆಮದ್ದನ್ನು ಹತ್ತು ಜನರಿಗೆ ದಾಟಿಸುವ ಮುನ್ನ ಇದಕ್ಕೆ ಆಧಾರವೇನು ಎಂದು ನಾವೂ ಒಮ್ಮೆ ಕೇಳಿಕೊಳ್ಳೋಣ. ಅದನ್ನು ನಂಬಿ ಮಾಡಿನೋಡುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈಗ ಈ ಮಾತು ಕೇಳುತ್ತಿರುವ ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಇವತ್ತು ಮೈ ಒರೆಸುವಾಗ ಅವರ ಹಿಮ್ಮಡಿ, ಸೊಂಟದ ಹಿಂಭಾಗ, ಮೊಣಕೈ, ತಲೆಯ ಹಿಂಬದಿಯನ್ನು ಒಮ್ಮೆ ನೋಡಿ, ಮುಟ್ಟಿಯೂ ನೋಡಿ. ಬಣ್ಣವೋ ಬಿಸಿಯೋ ಬದಲಾಗಿದ್ದರೆ ಆ ಜಾಗವನ್ನು ತಿಕ್ಕಬೇಡಿ. ಅದರ ಮೇಲೆ ಭಾರ ಬೀಳದಂತೆ ಮಗ್ಗುಲು ಬದಲಿಸಿ, ಹತ್ತಿರದ ಆರೋಗ್ಯ ಕೇಂದ್ರದ ನರ್ಸನ್ನೋ ಡಾಕ್ಟರನ್ನೋ ಇವತ್ತೇ ಕೇಳಿ.