ಸಾಕ್ಷಿ ಹುಡುಕಲು ಕಡಲು ದಾಟಿದವರು



ಮಕ್ಕಳ ಸಾಹಿತ್ಯದ ಈ ಗೋಷ್ಠಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಕರೆಸಿದ್ದೀರಿ. ಒಂದೇ ವಿಷಯ ಹಿಡಿದು ಮಾತಾಡುತ್ತೇನೆ: ಪ್ರಾಣಿಗಳೇ ಪತ್ತೇದಾರರಾಗಿ ಪರದೇಶಕ್ಕೆ ಹೊರಡುವ ಕಥೆ. ಇಂಥ ಪುಸ್ತಕಗಳನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಆಸೆಪಟ್ಟು ಓದುತ್ತಾರೆ. ಕನ್ನಡದಲ್ಲಿ ಬರೆಯಹೊರಟವರಿಗೆ ಮಾತ್ರ ಇದು ಹೊರಗಿನ ಸರಕು ಎಂಬ ಅಳುಕು. ಆ ಅಳುಕು ಬೇಡ, ಇಂಥ ಕಥೆ ನಮ್ಮಲ್ಲೇ ಇದೆ.

ಯಕ್ಷಗಾನದ ಚೂಡಾಮಣಿ ಪ್ರಸಂಗವನ್ನು ಬೆಳಗಿನವರೆಗೆ ಕೂತು ನೋಡುವ ದೊಡ್ಮನೆ ಸೀಮೆ ನಮ್ಮದು. ಹನುಮಂತ ಕಡಲು ಹಾರಿದ್ದು, ಲಂಕೆ ಸುಟ್ಟಿದ್ದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ವಾಲ್ಮೀಕಿಯ ಸುಂದರಕಾಂಡದಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಗಳಿಗೆಯೊಂದಿದೆ. ರಾವಣನ ಅಂತಃಪುರದಲ್ಲಿ ಮಲಗಿದ್ದ ಮಂಡೋದರಿಯನ್ನು ಕಂಡು ಇವಳೇ ಸೀತೆ ಎಂದು ಹನುಮಂತ ಕುಣಿಯುತ್ತಾನೆ, ತನ್ನ ಬಾಲಕ್ಕೇ ಮುತ್ತಿಡುತ್ತಾನೆ, ಕಂಬ ಹತ್ತಿ ಇಳಿಯುತ್ತಾನೆ. ಆಮೇಲೆ ನಿಂತು ಯೋಚಿಸುತ್ತಾನೆ. ರಾಮನನ್ನು ಅಗಲಿದವಳಿಗೆ ಇಂಥ ನಿದ್ದೆ ಬಂದೀತೇ? ಅವಳು ಒಡವೆ ತೊಟ್ಟಾಳೇ? ಇವಳು ಬೇರೆ ಯಾರೋ ಎಂದುಕೊಂಡು ಮತ್ತೆ ಹುಡುಕಾಟಕ್ಕೆ ಇಳಿಯುತ್ತಾನೆ. ಖುಷಿ ಕೊಟ್ಟ ಊಹೆಯನ್ನೂ ಕುರುಹು ನೋಡಿ ಕೈಬಿಡುವವನೇ ನಿಜವಾದ ಪತ್ತೇದಾರ.

ಇನ್ನು ಪಂಚತಂತ್ರ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಸುಮಾರು 1031ರಲ್ಲಿ ಅದನ್ನು ಕನ್ನಡಕ್ಕೆ ತಂದ. ಅದಕ್ಕೂ ಮೊದಲೇ ಕಥೆಯ ನರಿಗಳು ಪರದೇಶ ಕಂಡಿದ್ದವು. 6ನೆಯ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯ ಅವನ್ನು ಪರ್ಷಿಯಾಕ್ಕೆ ಒಯ್ದ. 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫ ಅರಬಿಗೆ ತಂದಾಗ ಆ ನರಿಗಳಾದ ಕರಟಕ, ದಮನಕರು ಕಲೀಲ, ದಿಮ್ನ ಆದರು. ಸಂಸ್ಕೃತದ ಕಥೆಯಲ್ಲಿ ದಮನಕ ಚಾಡಿ ಹೇಳಿ ಸಿಂಹದಿಂದ ಎತ್ತನ್ನು ಕೊಲ್ಲಿಸುತ್ತಾನೆ, ಶಿಕ್ಷೆಯಿಲ್ಲದೆ ಪಾರಾಗುತ್ತಾನೆ. ಅರಬಿಯಲ್ಲಿ ಹೊಸ ಅಧ್ಯಾಯವೇ ಸೇರಿತು: ದಿಮ್ನನ ವಿಚಾರಣೆ. ರಾತ್ರಿ ಆ ದಾರಿಯಲ್ಲಿ ಬಂದ ಚಿರತೆಯ ಕಿವಿಗೆ ನರಿಗಳ ಮಾತು ಬೀಳುತ್ತದೆ. ಅದು ಸಿಂಹದ ತಾಯಿಗೆ ತಿಳಿಸುತ್ತದೆ. ದಿಮ್ನ ನ್ಯಾಯಸಭೆಯಲ್ಲಿ ಮಾತಿನ ಬಲದಿಂದ ತಪ್ಪಿಸಿಕೊಳ್ಳುತ್ತಲೇ ಇರುತ್ತಾನೆ. ಒಂದೇ ಸಾಕ್ಷಿ ಸಾಲದು. ಕೊನೆಗೆ ಸೆರೆಮನೆಯಲ್ಲಿ ಕಲೀಲ, ದಿಮ್ನರ ಮಾತು ಕೇಳಿಸಿಕೊಂಡಿದ್ದ ಇನ್ನೊಂದು ಪ್ರಾಣಿ ಬಾಯಿಬಿಟ್ಟಾಗಲೇ ತೀರ್ಪು. ಈ ಅಧ್ಯಾಯವನ್ನು ಕನ್ನಡದ ಮಕ್ಕಳಿಗೆ ಯಾರಾದರೂ ಚೆಂದವಾಗಿ ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ನಾವು ಪ್ರಾಣಿಗಳ ಕಥೆ ಬರೆದಾಗಲೆಲ್ಲ ಕೊನೆಗೊಂದು ನೀತಿ ಅಂಟಿಸುತ್ತೇವೆ. ಮಗು ಬುದ್ಧಿವಾದ ಕೇಳಿ ಪುಸ್ತಕ ಮುಚ್ಚುತ್ತದೆ. ಪತ್ತೇದಾರಿ ಕಥೆ ಮಗುವಿನ ಕೈಗೆ ಕುರುಹು ಕೊಡುತ್ತದೆ, ತೀರ್ಮಾನ ನೀನೇ ಮಾಡು ಎನ್ನುತ್ತದೆ. ಬರೆಯುವವರಲ್ಲಿ ನನ್ನವು ಎರಡೇ ಬೇಡಿಕೆ: ಕುರುಹು ಬಚ್ಚಿಡಬೇಡಿ, ಪ್ರಾಣಿಗೆ ಕೋಟು, ಟೋಪಿ ತೊಡಿಸಿ ಮನುಷ್ಯನನ್ನಾಗಿಸಬೇಡಿ. ನಾಯಿ ಮೂಗಿನಿಂದ, ಬಾವಲಿ ಕಿವಿಯಿಂದ ಪತ್ತೆ ಮಾಡಲಿ.

ಕುರುಹು ಹಿಡಿದು ಪತ್ತೆ ಮಾಡುವುದು ಈ ಸೀಮೆಯ ಮಕ್ಕಳಿಗೆ ಹೊಸತೇನಲ್ಲ. ಬೆಳಿಗ್ಗೆ ತೋಟಕ್ಕಿಳಿದಾಗ ಹಣ್ಣಡಕೆಯ ಸಿಪ್ಪೆ ಚೀಪಿ ಬಿಸಾಡಿದ್ದು ಕಂಡರೆ ರಾತ್ರಿ ಬಾವಲಿ ಬಂದಿತ್ತೆನ್ನುತ್ತಾರೆ. ಎಳೆಗಾಯಿ ಕಚ್ಚಿ ರಾಶಿ ಉದುರಿಸಿದ್ದರೆ ಮಂಗನ ಕೆಲಸ. ಓದಿ ಕಲಿತದ್ದಲ್ಲ, ಅಡಕೆ ಹೆಕ್ಕುತ್ತಾ ಕಲಿತದ್ದು.

ಪರದೇಶಕ್ಕೆ ಹೋಗಲು ಪ್ರಾಣಿಗೆ ವಿಮಾನವೂ ಬೇಕಿಲ್ಲ. ಮಳೆ ಹಿಂದೆಗೆಯುವ ಹೊತ್ತಿಗೆ ಅಂಗಳದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಿಂಡುಗಟ್ಟಿ ಹಾರುವುದನ್ನು ನೋಡಿದ್ದೀರಿ. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್‌ಗೆ ಅವೇ ಒಗಟಾದವು. ಅವು ಮೊಟ್ಟೆಯಿಡುವುದು ಸಿಹಿನೀರಿನಲ್ಲಿ, ಆ ದ್ವೀಪಗಳಲ್ಲೋ ನಿಂತ ಸಿಹಿನೀರು ತೀರಾ ಕಡಿಮೆ. ಹಾಗಿದ್ದರೂ ಅಕ್ಟೋಬರ್ ಬಂತೆಂದರೆ ಸಾವಿರಗಟ್ಟಲೆ ಬರುತ್ತವೆ. ಎಲ್ಲಿಂದ? ವರ್ಷಗಟ್ಟಲೆ ದಿನ, ಗಾಳಿಯ ದಿಕ್ಕು ಬರೆದಿಟ್ಟುಕೊಂಡ ಅವರು, ಇವು ಭಾರತದಿಂದ ಹೊರಟು ಕಡಲು ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎಂದು 2009ರಲ್ಲಿ ಪ್ರಕಟಿಸಿದರು.

ಮಕ್ಕಳೇ, ಮಧ್ಯಾಹ್ನದ ಕಮ್ಮಟದಲ್ಲಿ ಈ ಚಿಟ್ಟೆಯನ್ನೇ ಪತ್ತೇದಾರನನ್ನಾಗಿ ಮಾಡಿ ಬರೆಯಿರಿ. ನಮ್ಮ ತೋಟದಲ್ಲಿ ಕಳೆದದ್ದೇನು, ಅದರ ಕುರುಹು ಆಫ್ರಿಕಾದಲ್ಲಿ ಸಿಕ್ಕಿದ್ದು ಹೇಗೆ, ನೀವೇ ಕಂಡುಹಿಡಿಯಬೇಕು. ಮಾಸ್ತರರೇ, ಅಕ್ಕೋರೇ, ಅವರಿಗೆ ಉತ್ತರ ಹೇಳಿಕೊಡಬೇಡಿ. ಬರೆದದ್ದನ್ನು ಸಂಜೆ ಇದೇ ವೇದಿಕೆಯಲ್ಲಿ ಓದಿಸಿ, ನಾನು ಕೇಳಲು ಕೂತಿರುತ್ತೇನೆ.