ಮಕ್ಕಳ ಡೈಪರ್: ವಿಮೆಯ ಮಿತಿ ಮತ್ತು ಪಂಚಾಯಿತಿಯ ಹೊಣೆ

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಡೈಪರ್ ದೊರೆಯುವುದೇ ಎಂದು ತಾಯಂದಿರು ಕೇಳುವುದುಂಟು. ನೇರವಾಗಿಯೇ ಹೇಳುತ್ತೇನೆ: ಮನೆಬಳಕೆಗೆ ದೊರೆಯುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಈ ಸೌಲಭ್ಯವು ಆಸ್ಪತ್ರೆಯ ಚಿಕಿತ್ಸೆಗೆ ಮೀಸಲು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಸ್ವಸ್ಥ ಶಿಶುವಿಗೆ ಔಷಧ, ಚಿಕಿತ್ಸಾ ಸಾಮಗ್ರಿ ಉಚಿತ. ಅದೂ ಸರ್ಕಾರಿ ಆಸ್ಪತ್ರೆಯ ಬಾಗಿಲಿನವರೆಗೆ.

ಆರೋಗ್ಯವಂತ ಹಸುಗೂಸಿಗೆ ನಮ್ಮ ಅಜ್ಜಿಯರು ಹಳೆಯ ಪಂಚೆ, ಸೀರೆಯ ತುಂಡುಗಳನ್ನೇ ಒಗೆದು ಬಿಸಿಲಿಗೆ ಒಣಗಿಸಿ ಬಳಸಿದರು. ಇಂದಿಗೂ ಅದರಲ್ಲಿ ದೋಷವಿಲ್ಲ. (ಬಿಳಿಗಿರಿರಂಗನ ಬೆಟ್ಟದ ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದು ಸೋಲಿಗರ ಪೋಡಿನ ತಾಯಿ ಕೇಳಿದರೆ ಉತ್ತರಿಸುವುದು ಕಷ್ಟ.) ನನ್ನ ಚಿಂತೆ ಬೇರೆ ಮಕ್ಕಳದು. ಮೆದುಳಿನ ಪಾರ್ಶ್ವವಾಯು ಅಥವಾ ಬೆನ್ನುಹುರಿಯ ಜನ್ಮದೋಷವುಳ್ಳ ಎಷ್ಟೋ ಮಕ್ಕಳಿಗೆ ಎಂಟು ವರ್ಷವಾದರೂ ಮಲಮೂತ್ರದ ಹಿಡಿತ ಬಾರದು. ಒದ್ದೆಯಲ್ಲೇ ಮಲಗಿದರೆ ಚರ್ಮ ಹುಣ್ಣಾಗುತ್ತದೆ, ಶಾಲೆ ತಪ್ಪುತ್ತದೆ, ಮಗುವನ್ನು ಬಿಟ್ಟುಹೋಗಲಾಗದೆ ತಾಯಿಯ ಕೂಲಿಯೂ ತಪ್ಪುತ್ತದೆ. ಹುಣ್ಣು ಕೀವಾಗಿ ಆಸ್ಪತ್ರೆ ಸೇರಿದರೆ ವಿಮೆ ನೆರವಾಗುತ್ತದೆ. ಹುಣ್ಣಾಗದಂತೆ ತಡೆಯುವ ವಸ್ತುವಿಗೆ ನೆರವಿಲ್ಲ. ಇದು ವಿವೇಕವೆಂದು ನನಗೆ ತೋರುವುದಿಲ್ಲ.

ವಿಮೆಯ ಗಡಿಗಳು ಶಾಶ್ವತವೇನಲ್ಲ. ಕರುಣಾ ಟ್ರಸ್ಟ್ 2002ರಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಆರಂಭಿಸಿದ ಸಮುದಾಯ ವಿಮೆಯು ಒಳರೋಗಿಯ ಕೂಲಿನಷ್ಟವನ್ನೂ ಲೆಕ್ಕಕ್ಕೆ ಹಿಡಿದಿತ್ತು. ಅಮೆರಿಕದ ಟೆನೆಸ್ಸೀ ರಾಜ್ಯವು 2024ರ ಆಗಸ್ಟ್‌ನಿಂದ ಬಡವರ ಆರೋಗ್ಯ ವಿಮೆಯಡಿ ಎರಡು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೆ 100 ಡೈಪರ್‌ಗಳವರೆಗೆ ನೀಡುತ್ತಿದೆ. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಅಷ್ಟೇ.

ಪಂಚಾಯಿತಿಗಳ ಕೈಯಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಮೀಸಲಾದ ಶೇ. 5ರ ನಿಧಿಯಿದೆ. ಅದಕ್ಕೆ ತ್ರಿಚಕ್ರ ವಾಹನ ಕೋರಿ ಅರ್ಜಿ ಬರುತ್ತದೆ. ಡೈಪರ್ ಕೇಳಲು ಜನ ನಾಚುತ್ತಾರೆ. ಆದುದರಿಂದ ಪುನರ್ವಸತಿ ಕಾರ್ಯಕರ್ತರು ಮನೆಭೇಟಿಯಲ್ಲಿ ತಾವೇ ವಿಚಾರಿಸಬೇಕು. ಯುಡಿಐಡಿ ಕಾರ್ಡ್ ಇಲ್ಲದ ಮಗುವಿಗೆ ಅರ್ಜಿ ಹಾಕಿಸಬೇಕು. ಮೆದುಳಿನ ಪಾರ್ಶ್ವವಾಯುವಿನ ಮಕ್ಕಳನ್ನು ನ್ಯಾಷನಲ್ ಟ್ರಸ್ಟಿನ 1 ಲಕ್ಷ ರೂಪಾಯಿಗಳ ನಿರಾಮಯ ವಿಮೆಗೆ ನೋಂದಾಯಿಸಬೇಕು. ಮಗುವಿನ ಹೆಸರು ಗ್ರಾಮಸಭೆಯಲ್ಲಿ ಕೂಗುವುದು ಬೇಡ. ಸಂಖ್ಯೆಯನ್ನಷ್ಟೇ ಮಂಡಿಸಿ, ಖರೀದಿಯ ಪ್ರಸ್ತಾವವನ್ನು ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸಿರಿ.

ಬಳಸಿದ ಡೈಪರ್ ಕೆರೆ, ಹಳ್ಳ ಸೇರದಂತೆ ಸುತ್ತಿ ಕಸದ ವಾಹನಕ್ಕೆ ಪ್ರತ್ಯೇಕವಾಗಿ ಕೊಡುವ ವ್ಯವಸ್ಥೆಯೂ ಅದೇ ಯೋಜನೆಯಲ್ಲಿರಲಿ.